ಬಲ್ಬು ಗೊಬ್ಬರ ಅಲ್ಲ, ಗಡಿಯಾರ: ಸೇವಂತಿಗೆ ತೋಟದ ರಾತ್ರಿ ದೀಪದ ಬಗ್ಗೆ



ರಾತ್ರಿ ಕೊನೇ ಬಸ್ಸಿನಲ್ಲಿ ನಮ್ಮ ಕಡೆ ಬರೋ ಹೊಸಬರು ಕಿಟಕಿಯಿಂದ ನೋಡಿ "ಇಲ್ಲೇನು ಜಾತ್ರೆನಾ?" ಅಂತ ಕೇಳ್ತಾರೆ. ಜಾತ್ರೆ ಅಲ್ಲ, ಸೇವಂತಿಗೆ ತೋಟ. ಚಿಕ್ಕಬಳ್ಳಾಪುರ, ಕೋಲಾರ ಸುತ್ತಮುತ್ತ ಮೊದಲು ಅಲ್ಲೊಂದು ಇಲ್ಲೊಂದು ತೋಟದಲ್ಲಿ ಕಾಣ್ತಿದ್ದ ಬಲ್ಬು ಈಗ ಊರೂರಿಗೆ ಬಂದಿದೆ. ಈ ವಾರ ನನಗೆ ಮೂರು ಜನ ಫೋನ್ ಮಾಡಿದ್ರು. ಮೂರೂ ಜನ ಕೇಳಿದ್ದು ಒಂದೇ: "ಎಕರೆಗೆ ಎಷ್ಟು ಬಲ್ಬು, ಎಷ್ಟು ಹೊತ್ತು ಉರಿಸಬೇಕು?" ಯಾವ ದಿನ ಆಫ್ ಮಾಡಬೇಕು ಅಂತ ಒಬ್ಬರೂ ಕೇಳಲಿಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ. ಹಾಗಾಗಿ ಕೂತು ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ನೀರು ಕಟ್ಟೋವಾಗ ಓದಿ.

ಮೊದಲು ನನ್ನ ತಪ್ಪು ಹೇಳ್ತೀನಿ. ಮೊದಲನೇ ಸಲ 20 ಗುಂಟೆಗೆ 220 ಬಲ್ಬು ಹಾಕಿದೆ. ಸಂಕ್ರಾಂತಿಗೆ ಹೂ ಬರಬೇಕು ಅಂತ ಆಸೆ. ಅಕ್ಟೋಬರ್ ಮೊದಲ ವಾರದಲ್ಲಿ ನಾರು ನೆಟ್ಟು, ಸಂಜೆ ಆರಕ್ಕೆ ಸ್ವಿಚ್ ಹಾಕಿದ್ರೆ ಬೆಳಗ್ಗೆ ಆರಕ್ಕೇ ತೆಗೀತಿದ್ದೆ. ಗಿಡ ಕಣ್ಣಿಗೆ ಚೆನ್ನಾಗಿ ಕಾಣ್ತಿತ್ತು, ಹಸಿರು, ಎತ್ತರ. ಇನ್ನೊಂದಷ್ಟು ದಿನ ಉರಿಸಿದ್ರೆ ಇನ್ನೂ ಚೆನ್ನಾಗಿ ಬರುತ್ತೆ ಅಂತ 45 ರಾತ್ರಿ ಉರಿಸಿದೆ. ಆಫ್ ಮಾಡಿದ್ದು ನವೆಂಬರ್ 20ಕ್ಕೆ. ಮೊದಲ ಕೊಯ್ಲು ಸಿಕ್ಕಿದ್ದು ಜನವರಿ 22ಕ್ಕೆ. ಹಬ್ಬ ಮುಗಿದು ಎಂಟು ದಿನ ಆಗಿತ್ತು. ಗಿಡ ಎತ್ತರ ಆಗಿ ಗಾಳಿಗೆ ಒರಗಿದ್ದು ಬೇರೆ. ಹೂ ತುಂಬಾ ಚೆನ್ನಾಗಿತ್ತು, ಆದ್ರೆ ಮಂಡಿಯಲ್ಲಿ ಹಬ್ಬ ಮುಗಿದಿತ್ತು.

ಆಮೇಲೆ ಕೂತು ಯೋಚನೆ ಮಾಡಿದಾಗ ಅರ್ಥ ಆಯ್ತು. ನಾನು ಬೆಳಕನ್ನ ಗೊಬ್ಬರ ಅಂದುಕೊಂಡಿದ್ದೆ. ಜಾಸ್ತಿ ಕೊಟ್ರೆ ಜಾಸ್ತಿ ಬೆಳೆ. ಅಲ್ಲ.

ಊಟದ ಬೆಳಕು ಬೇರೆ, ಗಡಿಯಾರದ ಬೆಳಕು ಬೇರೆ

ನಮ್ಮ ಅಕ್ಕನ ಮಗಳು ಸ್ವೀಡನ್‌ನಲ್ಲಿ ಇದ್ದಾಳೆ. ಮನೆ ಒಳಗೆ ಕುಂಡದಲ್ಲಿ ಕರಿಬೇವು, ತುಳಸಿ, ಮನಿಪ್ಲಾಂಟು ಇಟ್ಟಿದ್ದಾಳೆ. ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್ ಕಡೆ ಹಗಲು ಅಂದ್ರೆ ಸುಮಾರು 6 ಗಂಟೆ, ಅದೂ ಸೂರ್ಯ ಮೇಲೆ ಎದ್ದೂ ಎದ್ದಿಲ್ಲ ಅನ್ನೋ ಹಾಗೆ ಮೂಲೆಯಲ್ಲೇ ಹಾದು ಹೋಗ್ತಾನೆ. ಅಷ್ಟು ಬೆಳಕಿಗೆ ನಮ್ಮ ಕರಿಬೇವು ಎಲೆ ಉದುರಿಸಿ ಕೂತುಬಿಡುತ್ತೆ. ಅದಕ್ಕೆ ಅವಳು ಗಿಡದ ತಲೆ ಮೇಲೆ ಒಂದು ಅಡಿ ಎತ್ತರದಲ್ಲೇ ಎಲ್‌ಇಡಿ ಕಟ್ಟಿ ದಿನಕ್ಕೆ 12–14 ಗಂಟೆ ಉರಿಸ್ತಾಳೆ. "ಮಾಮ, ನಿಮ್ಮ ಹಾಗೇ ನಾನೂ ಬಲ್ಬ್ ಹಾಕ್ಕೊಂಡು ವ್ಯವಸಾಯ ಮಾಡ್ತಿದ್ದೀನಿ" ಅಂತ ಫೋಟೋ ಕಳಿಸಿದ್ಲು.

ಬಲ್ಬು ಎರಡು ಕಡೆನೂ ಇದೆ. ಕೆಲಸ ಮಾತ್ರ ಬೇರೆ ಬೇರೆ. ಅಲ್ಲಿ ಗಿಡಕ್ಕೆ ಬಿಸಿಲೇ ಇಲ್ಲ, ಬಲ್ಬೇ ಬಿಸಿಲು, ಅಂದ್ರೆ ಊಟ. ಊಟ ಅಂದಮೇಲೆ ಹೊಟ್ಟೆ ತುಂಬಾ ಕೊಡಬೇಕು: ಬೆಳಕು ಸಾವಿರಾರು ಲಕ್ಸ್ ಇರಬೇಕು, ಹತ್ತಿರ ಇರಬೇಕು, ಇಡೀ ದಿನ ಇರಬೇಕು. ಲಕ್ಸ್ ಅಂದ್ರೆ ಒಂದು ಜಾಗದ ಮೇಲೆ ಬೀಳೋ ಬೆಳಕಿನ ಅಳತೆ. ನಮ್ಮ ಹೊಲದಲ್ಲಿ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಅದರ ಮುಂದೆ ನಮ್ಮ 9 ವ್ಯಾಟ್ ಬಲ್ಬು ರಾತ್ರಿ ಗಿಡದ ಮೇಲೆ ಬೀಳಿಸೋದು 100 ಲಕ್ಸ್ ಆಸುಪಾಸು. ಸಾವಿರದಲ್ಲಿ ಒಂದು ಪಾಲು. ಅದರಿಂದ ಗಿಡಕ್ಕೆ ಊಟ ಆಗಲ್ಲ. ಊಟ ಹಗಲೇ ಆಗಿದೆ, ಹೊಟ್ಟೆ ತುಂಬಿದೆ. ರಾತ್ರಿ ಬಲ್ಬು ಗಿಡಕ್ಕೆ ಹೇಳೋದು ಒಂದೇ ಮಾತು: "ರಾತ್ರಿ ಇನ್ನೂ ಉದ್ದ ಆಗಿಲ್ಲ ಕಣಪ್ಪಾ, ಹೂ ಬಿಡೋ ಕಾಲ ಬಂದಿಲ್ಲ, ಬೆಳೀತಾ ಇರು."

ಅವರೆ ಬೆಳೆದವರಿಗೆ ಇದು ಹೊಸದಲ್ಲ

ನಮ್ಮ ಸೊಗಡಿನ ಅವರೆ ನೆನಪಿಸಿಕೊಳ್ಳಿ. ಸ್ವಲ್ಪ ಮುಂಚೆ ಬಿತ್ತಲಿ, ತಡವಾಗಿ ಬಿತ್ತಲಿ, ಹೂ ಬಿಡೋದು ಚಳಿಗಾಲದ ರಾತ್ರಿ ಉದ್ದ ಆದಮೇಲೇನೇ. ನಮ್ಮ ಅಜ್ಜಿ ಕಾಲದಿಂದ ಅವರೆಕಾಯಿ ಅಂದ್ರೆ ಸಂಕ್ರಾಂತಿ ಆಸುಪಾಸು ಅಂತ ಇದ್ದಿದ್ದು ಅದಕ್ಕೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ತಳಿ ಬಿಟ್ಟಮೇಲೆ ವರ್ಷ ಪೂರ್ತಿ ಅವರೆ ಸಿಗೋ ಹಾಗಾಯ್ತು. ಆ ತಳಿಗಳು ರಾತ್ರಿ ಲೆಕ್ಕ ಹಾಕಲ್ಲ. ಸೊಗಡಿನ ಅವರೆ ಹಾಕುತ್ತೆ.

ಸೇವಂತಿಗೆನೂ ಲೆಕ್ಕ ಹಾಕೋ ಗಿಡಾನೇ. ಬೆಂಗಳೂರು ಸೀಮೆಯಲ್ಲಿ ಜೂನ್ ಕೊನೆಗೆ ಹಗಲು ಹತ್ತಿರ ಹತ್ತಿರ 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಗೆ 11 ಗಂಟೆ 20 ನಿಮಿಷ. ನಮಗೆ ಒಂದೂವರೆ ಗಂಟೆ ವ್ಯತ್ಯಾಸ ಗೊತ್ತೇ ಆಗಲ್ಲ. ಗಿಡಕ್ಕೆ ಅದು ದೊಡ್ಡ ಸುದ್ದಿ. ಹಿಂದಿನವರು ಆಷಾಢದ ಹೊತ್ತಿಗೆ ನೆಟ್ಟು ಕಾರ್ತೀಕದಲ್ಲಿ ಕೊಯ್ತಿದ್ದದ್ದು ಈ ಲೆಕ್ಕದ ಮೇಲೇನೇ. ಚಳಿಗಾಲದ ಮುಂಚೆ ನೆಟ್ಟು ಬಲ್ಬು ಹಾಕದೆ ಬಿಟ್ರೆ, ಗಿಡ ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟುತ್ತೆ. ನಾಲ್ಕು ಹೂ ಬಿಟ್ಟು ಕೆಲಸ ಮುಗಿಸುತ್ತೆ. ಬಲ್ಬು ಬೇಕಾಗಿರೋದು ಅದನ್ನ ತಡೆಯೋಕೆ, ಗಿಡ ಕವಲೊಡೆದು ಗಟ್ಟಿ ಆಗೋ ತನಕ ಮಾತ್ರ.

ಈ ಗುಟ್ಟು ಹೊರಗೆ ಬಂದು ನೂರು ವರ್ಷದ ಮೇಲಾಯ್ತು. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲಾರ್ಡ್ ಅನ್ನೋ ಇಬ್ಬರು ವಿಜ್ಞಾನಿಗಳು ತಂಬಾಕು, ಸೋಯಾ ಗಿಡಗಳನ್ನ ಸಂಜೆ ಆಗೋ ಮುಂಚೆನೇ ಕತ್ತಲೆ ಗೂಡಿನೊಳಕ್ಕೆ ತಳ್ಳಿ ನೋಡಿದ್ರು. ಹಗಲು ಕಮ್ಮಿ ಮಾಡಿದ ಗಿಡ ಬೇಗ ಹೂ ಬಿಟ್ಟಿತು. 1920ರಲ್ಲಿ ಅದನ್ನ ಪ್ರಕಟ ಮಾಡಿದ್ರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಅನ್ನೋರು ಒಂದು ಕಳೆ ಗಿಡದ ಮೇಲೆ ಇನ್ನೊಂದು ಪರೀಕ್ಷೆ ಮಾಡಿದ್ರು. ಉದ್ದ ರಾತ್ರಿಯ ಮಧ್ಯೆ ಸ್ವಲ್ಪ ಹೊತ್ತು ಬೆಳಕು ತೋರಿಸಿದ್ರೆ ಸಾಕು, ಗಿಡ ಹೂ ಬಿಡಲ್ಲ. ಅಂದ್ರೆ ಗಿಡ ಎಣಿಸೋದು ಹಗಲನ್ನಲ್ಲ, ಒಂದೇ ಸಮ ಇರೋ ಕತ್ತಲೆಯನ್ನ. ಕತ್ತಲೆ ಮಧ್ಯೆ ತುಂಡಾದ್ರೆ ಎಣಿಕೆ ಮತ್ತೆ ಮೊದಲಿಂದ.

ಹಾಗಿದ್ರೆ ನಾನು ಸಂಜೆ ಆರರಿಂದ ಬೆಳಗ್ಗೆ ಆರರ ತನಕ ಉರಿಸಿದ್ದು ಯಾಕೆ? ಪಕ್ಕದ ಊರಲ್ಲಿ ಒಬ್ಬರು ಉರಿಸ್ತಿದ್ರು, ಅದಕ್ಕೆ. ಅವರು ಯಾಕೆ ಉರಿಸ್ತಿದ್ರು? ಅವರ ಪಕ್ಕದವರು ಉರಿಸ್ತಿದ್ರು, ಅದಕ್ಕೆ.

ನಾಲ್ಕು ಗಂಟೆ ಸಾಕು

ರಾತ್ರಿ 10ರಿಂದ 2ರ ತನಕ, ನಾಲ್ಕು ಗಂಟೆ. ಹೂವಿನ ಬೇಸಾಯದಲ್ಲಿ ಇದು ಎಲ್ಲ ಕಡೆ ಒಪ್ಪಿರೋ ಲೆಕ್ಕ. ಸಂಜೆಯ ಕತ್ತಲೆ ಒಂದು ತುಂಡು, ಬೆಳಗಿನ ಜಾವದ ಕತ್ತಲೆ ಒಂದು ತುಂಡು, ಎರಡೂ ಸಣ್ಣದಾಗುತ್ತೆ.

ದುಡ್ಡಿನ ಲೆಕ್ಕ ನೋಡಿ. 10 ಅಡಿಗೆ ಒಂದು ಬಲ್ಬು ಅಂದ್ರೆ ಗುಂಟೆಗೆ 11 ಬಲ್ಬು, 9 ವ್ಯಾಟಿನದಾದ್ರೆ ಗುಂಟೆಗೆ ಸುಮಾರು 100 ವ್ಯಾಟ್. ನನ್ನ 20 ಗುಂಟೆಗೆ 2 ಕಿಲೋವ್ಯಾಟ್. ಮೊದಲ ಸಲ 12 ಗಂಟೆ, 45 ರಾತ್ರಿ: ಸುಮಾರು 1,070 ಯೂನಿಟ್ ಸುಟ್ಟೆ. ಆಮೇಲಿನ ಸಲ 4 ಗಂಟೆ, 33 ರಾತ್ರಿ: ಸುಮಾರು 260 ಯೂನಿಟ್. ನಾಲ್ಕರಲ್ಲಿ ಒಂದು ಪಾಲು. ಹೂ ಬಂದಿದ್ದು ಬೇಕಾದ ವಾರಕ್ಕೇನೇ. ಇದೇ ಹಳೇ ಕಾಲದ 100 ವ್ಯಾಟ್ ಬಲ್ಬಾಗಿದ್ರೆ 220 ಬಲ್ಬಿಗೆ 22 ಕಿಲೋವ್ಯಾಟ್, ಅಂದ್ರೆ ಹೆಚ್ಚೂಕಮ್ಮಿ 30 ಎಚ್‌ಪಿ ಮೋಟರ್ ಓಡಿಸಿದ ಹಾಗೆ. ಎಲ್‌ಇಡಿ ಬಂದಿದ್ದಕ್ಕೇ ನಮ್ಮಂಥವರ ಕೈಗೆ ಇದು ಎಟುಕಿದ್ದು. ಎಲ್‌ಇಡಿ ಉಳಿಸಿದ್ದನ್ನ ಇಡೀ ರಾತ್ರಿ ಉರಿಸಿ ಕಳೆಯೋದು ಯಾವ ಬುದ್ಧಿವಂತಿಕೆ?

ಇನ್ನೂ ಉಳಿಸಬಹುದು. ಆ ನಾಲ್ಕು ಗಂಟೆಯಲ್ಲೂ ಒಂದೇ ಸಮ ಉರಿಸದೆ, ಅರ್ಧ ಗಂಟೆಗೆ 10 ನಿಮಿಷ ಉರಿಸಿ 20 ನಿಮಿಷ ಆಫ್ ಮಾಡೋ ಪದ್ಧತಿನೂ ಇದೆ. ಕರೆಂಟು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಆದ್ರೆ ಮೊದಲು ನಾಲ್ಕು ಬೆಡ್‌ನಲ್ಲಿ ಮಾಡಿ ನೋಡಿ, ಆಮೇಲೆ ಇಡೀ ತೋಟಕ್ಕೆ. ಬೆಳಕು ಮಂಕಾಗಿರೋ ತೋಟದಲ್ಲಿ ಈ ಆಟ ಬೇಡ.

ಟೈಮರ್ ತಗೊಳ್ಳೋವಾಗ ಒಳಗೆ ಬ್ಯಾಟರಿ ಇರೋದು ತಗೊಳ್ಳಿ. ತಿರುಗಿಸೋ ಟೈಮರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತೆ. ದಿನಕ್ಕೆ ಎರಡು ಗಂಟೆ ಕರೆಂಟ್ ಹೋದ್ರೆ, ಮೂರು ದಿನದಲ್ಲಿ ಆರು ಗಂಟೆ ಹಿಂದೆ ಬಿದ್ದಿರುತ್ತೆ. ನೀವು ಮಲಗಿರ್ತೀರಿ, ಬಲ್ಬು ಬೆಳಗ್ಗೆ ಬಿಸಿಲಲ್ಲಿ ಉರೀತಿರುತ್ತೆ. ಒಂದು ರಾತ್ರಿ ಕರೆಂಟೇ ಬರಲಿಲ್ಲ ಅಂದ್ರೆ ಗಾಬರಿ ಬೇಡ. ಸಾಲಾಗಿ ಕೆಲವು ರಾತ್ರಿ ತಪ್ಪಿದ್ರೆ ಮಾತ್ರ ಗಿಡ ಮೊಗ್ಗಿನ ಕಡೆ ತಿರುಗುತ್ತೆ.

ಬಲ್ಬು ಯಾವುದು ಅಂತ ಕೇಳ್ತೀರಿ. ನೇರಳೆ ಬಣ್ಣದ "ಗ್ರೋ ಲೈಟ್" ಅಂತ ಮೂರು ಪಟ್ಟು ರೇಟು ಹೇಳಿ ಮಾರೋರು ಬರ್ತಾರೆ. ಅದು ಸ್ವೀಡನ್ ಕರಿಬೇವಿಗೆ, ಊಟಕ್ಕೆ. ಗಿಡದಲ್ಲಿ ರಾತ್ರಿ ಎಣಿಸೋ ವಸ್ತುವಿಗೆ ಫೈಟೋಕ್ರೋಮ್ ಅಂತ ಹೆಸರು. ಅದಕ್ಕೆ ಮುಟ್ಟೋದು ಮುಖ್ಯವಾಗಿ ಕೆಂಪು ಬೆಳಕು. ಅಂಗಡಿಯಲ್ಲಿ ಸಿಗೋ ಸಾಮಾನ್ಯ ಹಳದಿ ಛಾಯೆಯ ಎಲ್‌ಇಡಿಯಲ್ಲಿ ಆ ಕೆಂಪು ಬೇಕಾದಷ್ಟು ಇದೆ. ಅದೇ ಸಾಕು.

ಬಲ್ಬಿನ ಸಂಖ್ಯೆಗಿಂತ ಮುಖ್ಯ, ಬೆಳಕು ಎಲ್ಲ ಗಿಡಕ್ಕೂ ಮುಟ್ಟೋದು. ದೂರ ಎರಡರಷ್ಟಾದ್ರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತೆ. ನಾಲ್ಕು ಬಲ್ಬಿನ ಮಧ್ಯದ ಜಾಗ, ಮೂಲೆ, ಫ್ಯೂಸ್ ಹೋದ ಬಲ್ಬಿನ ಕೆಳಗೆ, ಇಲ್ಲೆಲ್ಲ ಗಿಡ ಮೊದಲೇ ಮೊಗ್ಗು ಹಾಕುತ್ತೆ. ಮೊಬೈಲಲ್ಲಿ ಲಕ್ಸ್ ತೋರಿಸೋ ಆ್ಯಪ್ ಇದೆ. ಕರಾರುವಾಕ್ಕಾಗಿ ಇರಲ್ಲ, ಆದ್ರೆ ಎಲ್ಲಿ ಕಮ್ಮಿ ಎಲ್ಲಿ ಜಾಸ್ತಿ ಅಂತ ಹೇಳುತ್ತೆ. ಗಿಡದ ತುದಿ ಹತ್ತಿರ ಮೊಬೈಲ್ ಮೇಲ್ಮುಖ ಮಾಡಿ ಹಿಡಿದು ಒಂದು ಸುತ್ತು ನಡೀರಿ. ಹಾಗೇ ಫ್ಯೂಸ್ ಹೋದ ಬಲ್ಬುಗಳೂ ಕಣ್ಣಿಗೆ ಬೀಳುತ್ತೆ.

ಒಬ್ಬರು ಕೇಳಿದ್ರು, ಹುಣ್ಣಿಮೆ ಬೆಳದಿಂಗಳಿಗೆ ಗಿಡ ಮೋಸ ಹೋಗಲ್ವಾ ಅಂತ. ಒಳ್ಳೇ ಪ್ರಶ್ನೆ. ಹುಣ್ಣಿಮೆ ಬೆಳಕು ನಮಗೆ ಹಾಲು ಚೆಲ್ಲಿದ ಹಾಗೆ ಕಂಡ್ರೂ ಲೆಕ್ಕಕ್ಕೆ ಸುಮಾರು ಕಾಲು ಲಕ್ಸ್ ಅಷ್ಟೆ. ಸೇವಂತಿಗೆ ಅದನ್ನ ಗಣನೆಗೆ ತಗೊಳ್ಳಲ್ಲ.

ಗಿಡಕ್ಕೆ ಸೂರ್ಯ, ನಮಗೆ ಚಂದ್ರ

ಈಗ ತಾರೀಕಿನ ವಿಷಯ. ಗಿಡದ ಕ್ಯಾಲೆಂಡರ್ ಸೂರ್ಯಂದು. ನಮ್ಮ ಹೂವಿನ ರೇಟು ಏರೋ ಹಬ್ಬಗಳು, ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧ ಪೂಜೆ, ದೀಪಾವಳಿ, ಎಲ್ಲ ಚಂದ್ರನ ಲೆಕ್ಕ. ಇವೆರಡೂ ಒಂದಕ್ಕೊಂದು ಕೂಡಲ್ಲ. ವಿಜಯದಶಮಿ 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2, 2026ರಲ್ಲಿ ಅಧಿಕ ಮಾಸ ಬಂದು ಅಕ್ಟೋಬರ್ 20. 2025ರ ಡೈರಿ ನೋಡಿಕೊಂಡು ಅದೇ ತಾರೀಕಿಗೆ 2026ರಲ್ಲಿ ಮಾಡಿದ್ರೆ ಹೂ 18 ದಿನ ಮುಂಚೆ ಬರುತ್ತೆ. ಅಂದ್ರೆ ಸರಿಯಾಗಿ ಪಿತೃಪಕ್ಷದಲ್ಲಿ. ಪಿತೃಪಕ್ಷದಲ್ಲಿ ಹೂವಿನ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಅದಕ್ಕೇ ಲೆಕ್ಕ ಹಬ್ಬದಿಂದ ಹಿಂದಕ್ಕೆ ಹಾಕಬೇಕು. ಬಲ್ಬು ಆಫ್ ಮಾಡಿದ ದಿನದಿಂದ ಹೂವಿಗೆ, ತಳಿ ಮೇಲೆ ಹೆಚ್ಚಾಗಿ 8ರಿಂದ 10 ವಾರ. 9 ವಾರದ ತಳಿ ಅಂದುಕೊಳ್ಳಿ. 2026ರ ದಸರಾಕ್ಕೆ ಅಕ್ಟೋಬರ್ 15ಕ್ಕೆ ಮೊದಲ ಕೊಯ್ಲು ಬೇಕು. 63 ದಿನ ಹಿಂದಕ್ಕೆ ಹೋಗಿ: ಆಗಸ್ಟ್ 13, ಬಲ್ಬು ಆಫ್. ಅದಕ್ಕಿಂತ 30 ರಾತ್ರಿ ಹಿಂದೆ: ಜುಲೈ 14, ಬಲ್ಬು ಶುರು. ನಾಟಿನೂ ಆ ಹೊತ್ತಿಗೇ ಆಗಿರಬೇಕು. ಕುಡಿ ಚಿವುಟೋದು ಈ ಮಧ್ಯೆ. ಸೆಕೆ ಜಾಸ್ತಿ ಇರೋ ಕಾಲದಲ್ಲಿ ಮೊಗ್ಗು ನಿಧಾನ ಆಗುತ್ತೆ, ಒಂದು ವಾರ ಕೈಯಲ್ಲಿ ಇಟ್ಟುಕೊಳ್ಳಿ. ನಿಮ್ಮ ತಳಿಗೆ ಎಷ್ಟು ದಿನ ಅನ್ನೋದು ನಾರು ಕೊಟ್ಟವರ ಮಾತಿಗಿಂತ ನಿಮ್ಮ ಡೈರಿಯಲ್ಲಿ ಇದ್ರೆ ಒಳ್ಳೇದು. ಆಫ್ ಮಾಡಿದ ತಾರೀಕು, ಮೊದಲ ಕೊಯ್ಲಿನ ತಾರೀಕು, ಎರಡೇ ಸಾಲು ಬರೀರಿ. ಮೂರು ಬೆಳೆಗೆ ನಿಮಗೇ ಗೊತ್ತಾಗುತ್ತೆ.

ಎಲ್ಲರೂ ಒಂದೇ ದಿನ ಆಫ್ ಮಾಡಿದ್ರೆ?

ಇಷ್ಟು ಹೇಳಿದಮೇಲೆ ಇನ್ನೊಂದು ಭಯ ಇದೆ. ಮೊದಲು ನಮ್ಮ ಹೂವನ್ನ ಗಿಡಾನೇ ಹಂಚಿಕೊಂಡು ಕೊಡ್ತಿತ್ತು. ಒಬ್ಬರದ್ದು ಬೇಗ, ಒಬ್ಬರದ್ದು ತಡ. ಈಗ ಸ್ವಿಚ್ಚು ನಮ್ಮ ಕೈಯಲ್ಲಿದೆ. ಎಲ್ಲರ ಕಣ್ಣೂ ಅದೇ ಹಬ್ಬದ ಮೇಲೆ. ನೂರು ಜನ ಒಂದೇ ವಾರದಲ್ಲಿ ಆಫ್ ಮಾಡಿದ್ರೆ ನೂರು ಜನದ ಹೂ ಒಂದೇ ವಾರ ಮಂಡಿಗೆ ಬರುತ್ತೆ. ಆಗ ಹಬ್ಬ ಇದ್ರೂ ರೇಟು ಇರಲ್ಲ. ಹೂ ಈರುಳ್ಳಿ ಅಲ್ಲ, ಕೂಡಿಟ್ಟು ಕಾಯೋಕೆ.

ನನ್ನ ಅಭಿಪ್ರಾಯ ಎರಡು. ಒಂದು, ತೋಟವನ್ನ ಮೂರು ಭಾಗ ಮಾಡಿ, ಮೂರಕ್ಕೂ ಬೇರೆ ಸ್ವಿಚ್ ಕೊಡಿ. ವಾರಕ್ಕೊಂದು ಭಾಗ ಆಫ್ ಮಾಡಿ. ಒಂದು ಭಾಗಕ್ಕೆ ರೇಟು ತಪ್ಪಿದ್ರೆ ಇನ್ನೊಂದು ಭಾಗ ಹಿಡಿಯುತ್ತೆ. ಎರಡು, ನಮ್ಮ ಊರಿನ ವಾಟ್ಸಾಪ್ ಗುಂಪಿನಲ್ಲಿ ಪ್ರತಿಯೊಬ್ಬರೂ ಎಷ್ಟು ಗುಂಟೆ, ಯಾವ ತಾರೀಕಿಗೆ ಆಫ್ ಅಂತ ಒಂದು ಸಾಲು ಹಾಕೋಣ. ಗುಟ್ಟು ಯಾಕೆ? ರಾತ್ರಿ ಹತ್ತು ಗಂಟೆಗೆ ಬದುವಿನ ಮೇಲೆ ನಿಂತ್ರೆ ಯಾರ ತೋಟ ಉರೀತಿದೆ, ಯಾರದ್ದು ಆರಿದೆ ಅಂತ ಎಲ್ಲರಿಗೂ ಕಾಣುತ್ತೆ. ಕಣ್ಣಿಗೆ ಕಾಣೋದನ್ನ ಬರೆದು ಇಟ್ರೆ ಎಲ್ಲರಿಗೂ ಉಪಯೋಗ. ಈ ಸಲ ದಸರಾಕ್ಕೆ ಜಾಸ್ತಿ ಜನ ಇದ್ದಾರೆ ಅಂತ ಗೊತ್ತಾದ್ರೆ ನಾಲ್ಕು ಜನ ದೀಪಾವಳಿಗೆ ಜರುಗ್ತಾರೆ.

ಬದುವಿನ ಆಚೆ

ಈಗ ಹೇಳೋಕೆ ಸ್ವಲ್ಪ ಕಷ್ಟ ಆಗೋ ಮಾತು. ನನ್ನ ಮೊದಲ ಬೆಳೆ ಸಲ ಪಕ್ಕದ ಹೊಲದಲ್ಲಿ ಅಕ್ಕ ಒಬ್ಬರು ಸೊಗಡಿನ ಅವರೆ ಹಾಕಿದ್ರು. ಬದುವಿಗೆ ಅಂಟಿಕೊಂಡ ಹಾಗೆ. ನನ್ನ ಕೊನೇ ಸಾಲಿನ ಬಲ್ಬುಗಳು ಬದುವಿನ ಮೇಲೇ ಇದ್ವು. ನವೆಂಬರ್ ಕೊನೆಗೆ ಅವರು ಬಂದು ನಿಂತ್ರು.

"ಏನಪ್ಪಾ, ಆ ಕಡೆ ಅವರೆ ಎಲ್ಲ ಹೂ ಬಿಟ್ಟಿದೆ. ನಿನ್ನ ಕಡೆ ಆರು ಸಾಲು ಬರೀ ಬಳ್ಳಿನೇ ಹಬ್ತಿದೆ. ಔಷಧಿ ಏನಾದ್ರೂ ಹೊಡೆದ್ಯಾ?"

ಔಷಧಿ ಹೊಡೆದಿರಲಿಲ್ಲ ಅಕ್ಕ ಅಂದೆ. ನಿಜಾನೇ. ಆದ್ರೆ ಕಾರಣ ನಾನೇ. ಅವರ ಅವರೆಗೂ ನನ್ನ ಬಲ್ಬು "ಇನ್ನೂ ಕಾಲ ಬಂದಿಲ್ಲ" ಅಂತ 45 ರಾತ್ರಿ ಹೇಳಿತ್ತು. ಸಂಕ್ರಾಂತಿಗೆ ಆ ಆರು ಸಾಲಲ್ಲಿ ಕಾಯಿ ಇರಲಿಲ್ಲ. ನನಗೆ ಅರ್ಥ ಆದಮೇಲೆ ಹೋಗಿ ಹೇಳಿದೆ, ನಷ್ಟ ಕಟ್ಟಿಕೊಡ್ತೀನಿ ಅಂದೆ. ಅವರು ದುಡ್ಡು ತಗೊಳ್ಳಲಿಲ್ಲ. "ಮುಂದಿನ ಸಲ ಹೇಳಿ ಹಾಕು, ನಾನು ಬೇರೆ ಕಡೆ ಬಿತ್ತುತೀನಿ" ಅಂದ್ರು. ಆ ಮಾತು ನನಗೆ ದುಡ್ಡಿಗಿಂತ ಭಾರ ಆಯ್ತು. ಅವರ ಹೊಲದಲ್ಲಿ ಅವರು ಏನು ಬಿತ್ತಬೇಕು ಅಂತ ನನ್ನ ಬಲ್ಬು ಹೇಳೋ ಹಾಗಾಯ್ತಲ್ಲ.

ಪಕ್ಕದವರ ಹೊಲಕ್ಕೆ ನೀರು ನುಗ್ಗಿಸಿದ್ರೆ ಜಗಳ ಆಗುತ್ತೆ, ಪಂಚಾಯ್ತಿ ಸೇರುತ್ತೆ. ಬೆಳಕು ನುಗ್ಗಿಸಿದ್ರೆ ಯಾರಿಗೂ ಗೊತ್ತೇ ಆಗಲ್ಲ. ಗಿಡ ಸಾಯಲ್ಲ, ಹಳದಿ ಆಗಲ್ಲ, ಸುಮ್ಮನೆ ಹೂ ಬಿಡಲ್ಲ. ಬಿತ್ತನೆ ಬೀಜ ಸರಿ ಇಲ್ಲ ಅಂತ ಅಂದುಕೊಂಡು ಸುಮ್ಮನಾಗ್ತಾರೆ. ಅದಕ್ಕೇ ನಾವು, ಬಲ್ಬು ಹಾಕೋರು, ನಾವಾಗೇ ಮುಂಚೆ ಹೇಳಬೇಕು. ಈಗ ನಾನು ಮಾಡೋದು ಇಷ್ಟು: ಬದುವಿನ ಕಡೆ ಎರಡು ಬೆಡ್ ಸೇವಂತಿಗೆ ಬಿಟ್ಟು ಬೇರೆ ತರಕಾರಿ ಹಾಕ್ತೀನಿ. ಅಂಚಿನ ಬಲ್ಬಿಗೆ ಆಚೆ ಕಡೆ ಮರೆ ಆಗೋ ಹಾಗೆ ತಗಡಿನ ಟೋಪಿ ಕಟ್ತೀನಿ. ಹಾಕೋ ಮುಂಚೆ ಬದುವಿನ ಆಚೆಯವರನ್ನ "ಈ ಸಲ ಏನು ಬಿತ್ತುತೀರಿ" ಅಂತ ಕೇಳ್ತೀನಿ. ನಾಲ್ಕು ಗಂಟೆ ಮಾತ್ರ ಉರಿಸ್ತೀನಿ ಅನ್ನೋದು ಇಲ್ಲಿ ಪರಿಹಾರ ಅಲ್ಲ. ಅವರೆಗೂ ಆ ನಾಲ್ಕು ಗಂಟೆ ಸಾಕು, ಲೆಕ್ಕ ತಪ್ಪೋಕೆ.

ಕರೆಂಟು

ಇದನ್ನ ಬರೆದ್ರೆ ಕೆಲವರಿಗೆ ಬೇಜಾರಾಗುತ್ತೆ, ಆದ್ರೂ ಬರೀತೀನಿ. 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ಕರೆಂಟ್ ಕೊಡ್ತಿದೆ. ಅದು ನೀರೆತ್ತೋಕೆ. ಬೋರ್‌ವೆಲ್ ಲೈನಿಂದ ಎಳೆದು ನೂರಾರು ಬಲ್ಬು ಉರಿಸೋದು ಸರಿಯಲ್ಲ. ಕಾನೂನು ಪಕ್ಕಕ್ಕಿಡಿ. ಒಂದು ಟಿಸಿ ಮೇಲೆ ಹತ್ತು ಹದಿನೈದು ಮೋಟರ್ ಇರುತ್ತೆ. ಅದರ ಮೇಲೆ ನಾಲ್ಕು ತೋಟದ ಬಲ್ಬು ಕೂತ್ರೆ ವೋಲ್ಟೇಜ್ ಬೀಳುತ್ತೆ. ಟಿಸಿ ಸುಟ್ರೆ ಹೊಸದು ಬರೋ ತನಕ ಎಲ್ಲರ ಬೆಳೆನೂ ಒಣಗುತ್ತೆ. ನಾಲ್ಕು ಗಂಟೆ ಎಲ್‌ಇಡಿಗೆ ಬರೋ ಬಿಲ್ಲು ನಿಜವಾಗ್ಲೂ ದೊಡ್ಡದಲ್ಲ, ಮೇಲೆ ಲೆಕ್ಕ ಕೊಟ್ಟಿದ್ದೀನಿ. ಸೆಕ್ಷನ್ ಆಫೀಸಿಗೆ ಹೋಗಿ ಕೇಳಿ, ಮೀಟರ್ ಹಾಕಿಸಿ ಉರಿಸಿ. ತಲೆ ಎತ್ತಿಕೊಂಡು ಓಡಾಡಬಹುದು.

ಅದಕ್ಕಿಂತ ಮುಖ್ಯ, ಜೀವ. ಒದ್ದೆ ಮಣ್ಣು, ಡ್ರಿಪ್ ನೀರು, ಬರಿಗಾಲು, ಬೆಳಗಿನ ಜಾವ ಇಬ್ಬನಿಯಲ್ಲಿ ಹೂ ಕೊಯ್ಯೋ ಹೆಣ್ಣುಮಕ್ಕಳು. ಅವರ ತಲೆ ಮಟ್ಟದಲ್ಲಿ ತಂತಿ. ಜೋಡಣೆಗೆ ಬರೀ ಟೇಪ್ ಸುತ್ತಿ ಬಿಟ್ಟಿರೋದನ್ನ ನಾನೇ ಎಷ್ಟೋ ತೋಟದಲ್ಲಿ ನೋಡಿದ್ದೀನಿ. ದಯವಿಟ್ಟು 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಸೋರಿಕೆ ಆದ ತಕ್ಷಣ ಲೈನ್ ಕಟ್ ಮಾಡುತ್ತೆ. ಮಳೆ ನೀರು ಒಳಗೆ ಹೋಗದ ಹೋಲ್ಡರ್ ಹಾಕಿ. ಔಷಧಿ ಹೊಡೆಯೋವಾಗ, ಬಲ್ಬು ಬದಲಾಯಿಸೋವಾಗ ಮೇನ್ ಸ್ವಿಚ್ ತೆಗೀರಿ. ಸೀಸನ್ ಮುಗಿದಮೇಲೆ ತಂತಿ ಬಿಚ್ಚಿ ಸುತ್ತಿಡಿ, ಹೊಲದಲ್ಲೇ ಬಿಡಬೇಡಿ. ಬಲ್ಬಿಗೆ ಖರ್ಚು ಮಾಡಿ ಆರ್‌ಸಿಸಿಬಿಗೆ ಹಿಂದೆ ಮುಂದೆ ನೋಡೋರಿಗೆ ನಾನು ಬಲ್ಬೇ ಹಾಕಬೇಡಿ ಅಂತೀನಿ.

ನೋಡಿ ಮಾಡೋದು, ತಿಳಿದು ಮಾಡೋದು

ಕೊನೆಗೆ ಒಂದು ಮಾತು. ನಮ್ಮ ಕಡೆ ಡ್ರ್ಯಾಗನ್ ಹಣ್ಣು ಹಾಕಿದವರೂ ಈಗ ರಾತ್ರಿ ಬಲ್ಬು ಹಾಕ್ತಿದ್ದಾರೆ. ವಿಯೆಟ್ನಾಂನ ಬಿನ್ ತುವಾನ್ ಸೀಮೆಯಲ್ಲಿ ಇದು ಹಳೇ ಪದ್ಧತಿ. ಅಲ್ಲಿ ಬಲ್ಬು ಹಾಕೋದು ಹೂ ತಡೆಯೋಕಲ್ಲ, ಹೂ ಬರಿಸೋಕೆ. ಡ್ರ್ಯಾಗನ್ ಹಣ್ಣಿಗೆ ಚಿಕ್ಕ ರಾತ್ರಿ ಅಂದ್ರೆ ಹೂ ಬಿಡೋ ಕಾಲ. ಸೇವಂತಿಗೆಗೆ ಉದ್ದ ರಾತ್ರಿ ಅಂದ್ರೆ ಹೂ ಬಿಡೋ ಕಾಲ. ಅದೇ ಬಲ್ಬು, ಅದೇ ರಾತ್ರಿ, ಒಂದು ಗಿಡಕ್ಕೆ "ಬಾ" ಅನ್ನುತ್ತೆ, ಇನ್ನೊಂದಕ್ಕೆ "ತಡಿ" ಅನ್ನುತ್ತೆ. ಟೊಮೇಟೊಗೆ ಹಾಕಿದ್ರೆ ಏನಾಗುತ್ತೆ ಅಂತ ಒಬ್ಬರು ಕೇಳಿದ್ರು. ಟೊಮೇಟೊ ಈ ಲೆಕ್ಕಕ್ಕೆ ತಲೆ ಕೆಡಿಸಿಕೊಳ್ಳಲ್ಲ, ನಿಮ್ಮ ಕರೆಂಟ್ ದಂಡ. ಬದುವಿನ ಮೇಲೆ ನಿಂತು ನೋಡಿದ್ರೆ ಮೂರು ತೋಟನೂ ಒಂದೇ ಥರ ಕಾಣುತ್ತೆ. ಅದಕ್ಕೇ ಪಕ್ಕದ ತೋಟ ನೋಡಿ ಬಲ್ಬು ಹಾಕಬೇಡಿ, ನಿಮ್ಮ ಗಿಡ ಏನು ಲೆಕ್ಕ ಹಾಕುತ್ತೆ ಅಂತ ತಿಳಿದು ಹಾಕಿ.

ಬಲ್ಬು ಬೇಡ ಅಂತ ನಾನು ಹೇಳ್ತಿಲ್ಲ. ನನ್ನ ತೋಟದಲ್ಲೂ ಈ ಸಲ ಇದೆ. ಮಳೆ, ರೇಟು, ರೋಗ ಯಾವುದೂ ನಮ್ಮ ಕೈಯಲ್ಲಿ ಇಲ್ಲದ ಈ ಕಸುಬಿನಲ್ಲಿ ಕೊಯ್ಲಿನ ವಾರ ಒಂದಾದ್ರೂ ನಮ್ಮ ಕೈಗೆ ಸಿಕ್ಕಿದೆ. ಅದು ಸಣ್ಣದಲ್ಲ. ಅದಕ್ಕೇ ಹಾಳು ಮಾಡಿಕೊಳ್ಳಬಾರದು ಅಂತೀನಿ. ಮೊದಲು ತಾರೀಕು ಬರೀರಿ. ಆಮೇಲೆ ಪಕ್ಕದವರನ್ನ ಕೇಳಿ. ಆಮೇಲೆ ಮೀಟರ್, ಆರ್‌ಸಿಸಿಬಿ. ಬಲ್ಬು ಕೊಳ್ಳೋದು ಕೊನೇ ಕೆಲಸ.

ನಿಮ್ಮ ತಳಿಗೆ ಆಫ್ ಮಾಡಿದ ದಿನದಿಂದ ಕೊಯ್ಲಿಗೆ ಎಷ್ಟು ದಿನ ಹಿಡೀತು ಅಂತ ಕೆಳಗೆ ಬರೀರಿ. ತಳಿ ಹೆಸರು, ತಿಂಗಳು, ದಿನ, ಮೂರು ಸಾಕು. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಮುಂದಿನ ತಿಂಗಳು ಇಲ್ಲೇ ಹಾಕ್ತೀನಿ. ನಾನು ಬರೆದದ್ದರಲ್ಲಿ ತಪ್ಪಿದ್ರೆ ತಿದ್ದಿ, ಬೇಜಾರಿಲ್ಲ.

ಹತ್ತು ಗಂಟೆ ಆಯ್ತು. ಟೈಮರ್ ಸರಿಯಾಗಿ ಹಾಕ್ಕೊಳ್ತಾ ನೋಡಿ ಬಂದು ಮಲಗ್ತೀನಿ.